ಬಾಣದ ದಳಕ್ಕೆ ಪಾಠ ಬರೆಸಿದ ಸುಲ್ತಾನರು

ಏರೋ ಇಂಡಿಯಾ ತೋರಿಸಲು ಮಾಮು ನನ್ನನ್ನು ಯಲಹಂಕಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಎಚ್‌ಎಎಲ್ ತಯಾರಿಸಿದ ಪ್ರಚಂಡ್ ಯುದ್ಧ ಹೆಲಿಕಾಪ್ಟರನ್ನು ಹತ್ತಿರದಿಂದ ನೋಡಿದೆ. ಮೂತಿಯ ಕೆಳಗೆ 20 ಮಿ.ಮೀ. ಫಿರಂಗಿ, ಎರಡೂ ಬದಿಯ ಪುಟ್ಟ ರೆಕ್ಕೆಗಳ ಕೆಳಗೆ ಜೇನುಹುಟ್ಟಿನಂತೆ ತೂತುಗಳಿರುವ ಡಬ್ಬಿಗಳು. ಆ ತೂತುಗಳಲ್ಲಿ 70 ಮಿ.ಮೀ. ದಪ್ಪದ ರಾಕೆಟ್‌ಗಳನ್ನು ತುಂಬುತ್ತಾರೆ. ಪೈಲಟ್ ತಲೆ ತಿರುಗಿಸಿದ ಕಡೆಗೆ ಫಿರಂಗಿಯೂ ತಿರುಗುತ್ತದೆ ಎಂದು ಕೇಳಿ ಮಾಮು ಬಾಯಿ ತೆರೆದು ನಿಂತುಬಿಟ್ಟರು. ನನಗೆ ಆಶ್ಚರ್ಯವಾದದ್ದು ಬೇರೆ ವಿಷಯ. ಪೈಲಟ್‌ಗಳು ತೊಡೆಯ ಮೇಲೆ ಒಂದು ಸಣ್ಣ ಪುಸ್ತಕ ಕಟ್ಟಿಕೊಂಡಿರುತ್ತಾರೆ. ಇಂಜಿನ್ ಚಾಲೂ ಮಾಡುವ ಮೊದಲು ಏನು, ಆಮೇಲೆ ಏನು, ರಾಕೆಟ್ ಹಾರಿಸುವ ಮುನ್ನ ಯಾವ ಸ್ವಿಚ್, ಬೆಂಕಿ ಹತ್ತಿಕೊಂಡರೆ ಮೊದಲು ಯಾವುದನ್ನು ಬಂದ್ ಮಾಡಬೇಕು, ಎಲ್ಲವೂ ಅದರಲ್ಲಿ ವರಸೆಯಾಗಿ ಇರುತ್ತದೆ. ಸಾವಿರ ಗಂಟೆ ಹಾರಾಟ ಮಾಡಿದವರೂ ಅದನ್ನು ಓದಿಯೇ ಹಾರಬೇಕಂತೆ.

ನನಗೆ ಇದು ಯಾಕೆ ನಾಟಿತೆಂದರೆ, ಎನ್‌ಡಿಎ ಪರೀಕ್ಷೆ ಬರೆದು ಹೆಲಿಕಾಪ್ಟರ್ ಪೈಲಟ್ ಆಗಬೇಕೆಂಬ ಆಸೆ ನನ್ನದು. 2021ರಿಂದ ಆ ಪರೀಕ್ಷೆ ಹುಡುಗಿಯರಿಗೂ ತೆರೆದಿದೆ. ಅಬ್ಬಾ ಇನ್ನೂ ಪೂರ್ತಿ ಒಪ್ಪಿಲ್ಲ. ಅವರನ್ನು ಒಪ್ಪಿಸುವ ಮೊದಲು ನಾನೇ ಸರಿಯಾಗಬೇಕು: ಕಳೆದ ತಿಂಗಳು ಪ್ರಾಕ್ಟಿಕಲ್ ದಿನ ಸರ್ಕ್ಯೂಟನ್ನು ತೋರಿಸದೆಯೇ ಪ್ಲಗ್ ಕೀ ಹಾಕಿ ಗ್ಯಾಲ್ವನೋಮೀಟರ್ ಸುಟ್ಟುಬಿಟ್ಟೆ. ತೋರಿಸಿ ಆಮೇಲೆ ಹಾಕು ಎಂದು ರೆಕಾರ್ಡ್ ಪುಸ್ತಕದಲ್ಲಿ ನಾನೇ ಬರೆದುಕೊಂಡಿದ್ದೆ.

ಈ ಸಂಚಿಕೆಗೆ ಟಿಪ್ಪು ಸುಲ್ತಾನರ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿಯರು ನಕ್ಕರು. ಪ್ರತಿ ವರ್ಷವೂ ಯಾರಾದರೊಬ್ಬರು ಬರೆಯುತ್ತಾರೆ, ಹುಲಿ, ಖಡ್ಗ, ಹುತಾತ್ಮ, ಅಷ್ಟೇ. ನಾನು ಬರೆಯಬೇಕೆಂದಿರುವುದು ಅವರು ತಮ್ಮ ರಾಕೆಟ್ ಸಿಪಾಯಿಗಳಿಗಾಗಿ ಮಾಡಿದ ಕೆಲಸದ ಬಗ್ಗೆ.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ತಾಯಿ ಫಾತಿಮಾ ಫಕ್ರುನ್ನಿಸಾ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ರಾಕೆಟ್ ಆ ಮನೆತನಕ್ಕೆ ಹೊಸದಲ್ಲ. ತಾತ ಫತಹ್ ಮುಹಮ್ಮದ್ ಅವರು ಬಾಣ ಹಾರಿಸುವ ಸಿಪಾಯಿಗಳ ತುಕಡಿಗೆ ಮುಖ್ಯಸ್ಥರಾಗಿದ್ದವರು. ಆ ಕಾಲದಲ್ಲಿ ರಾಕೆಟ್‌ಗೆ ಬಾಣ ಎಂದೇ ಹೆಸರು. ಜಾತ್ರೆಯಲ್ಲಿ ನಾವು ನೋಡುವ ಬಾಣಬಿರುಸಿನ ಬಾಣ ಅದೇ. ತಂದೆ ಹೈದರ್ ಅಲಿಯವರ ಸೈನ್ಯದಲ್ಲಿ ಸುಮಾರು 1200 ಬಾಣಗಾರರಿದ್ದರು.

ಹದಿನೈದು ಹದಿನಾರು ವರ್ಷಕ್ಕೇ ಟಿಪ್ಪು ತಂದೆಯೊಂದಿಗೆ ದಂಡಿಗೆ ಹೊರಟರು. ಎಲ್ಲ ಕಡೆಯೂ ಗೆಲುವೇ ಆಗಲಿಲ್ಲ. 1771ರಲ್ಲಿ ಮೇಲುಕೋಟೆಯ ತಪ್ಪಲಿನ ಚಿನಕುರಳಿಯಲ್ಲಿ ಮರಾಠರು ಹೈದರರ ಸೈನ್ಯವನ್ನು ಚದುರಿಸಿಬಿಟ್ಟರು. ತಂದೆ ಮಗ ಬೇರೆ ಬೇರೆಯಾಗಿ ಹೇಗೋ ತಪ್ಪಿಸಿಕೊಂಡು ಶ್ರೀರಂಗಪಟ್ಟಣ ಸೇರಿದರು. ಪಾಂಡವಪುರದ ಬಸ್ಸಿನಲ್ಲಿ ಚಿನಕುರಳಿ ದಾಟುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಆದರೆ ಅಲ್ಲಿ ಇಳಿದು ನೋಡಿದ್ದಿಲ್ಲ.

ಇನ್ನು ರಾಕೆಟ್ ವಿಷಯಕ್ಕೆ ಬರುತ್ತೇನೆ. ಬೇರೆಯವರ ಬಾಣಗಳಿಗೆ ಬಿದಿರಿನ ಅಥವಾ ಕಾಗದದ ಕೊಳವೆ ಇರುತ್ತಿತ್ತು. ಮದ್ದು ಜೋರಾಗಿ ಉರಿದರೆ ಕೊಳವೆಯೇ ಸಿಡಿಯುತ್ತದೆ, ಹಾಗಾಗಿ ಮದ್ದನ್ನು ಗಿಡಿದು ತುಂಬುವಂತಿರಲಿಲ್ಲ. ಮೈಸೂರಿನವರು ಬಡಿದ ಕಬ್ಬಿಣದ ಕೊಳವೆ ಮಾಡಿದರು. ಒಂದು ಗೇಣು ಉದ್ದ, ಒಂದೂವರೆಯಿಂದ ಮೂರು ಅಂಗುಲ ದಪ್ಪ, ಒಂದು ತುದಿ ಮುಚ್ಚಿರುತ್ತಿತ್ತು. ಒಳಗಿನ ಒತ್ತಡ ಹೆಚ್ಚಾದಷ್ಟೂ ಹಿಂದಕ್ಕೆ ಹೊಗೆ ಜೋರಾಗಿ ನುಗ್ಗುತ್ತದೆ, ಬಾಣ ಮುಂದಕ್ಕೆ ದೂರ ಹೋಗುತ್ತದೆ. ಪ್ರಥಮ ಪಿಯುಸಿಯಲ್ಲಿ ನಾವು ಓದಿದ ನ್ಯೂಟನ್ನನ ಮೂರನೆಯ ನಿಯಮ. ಕೊಳವೆಯನ್ನು ಉದ್ದನೆಯ ಬಿದಿರು ಗಳಕ್ಕೆ ಕಟ್ಟುತ್ತಿದ್ದರು. ಗಳ ಇಲ್ಲದಿದ್ದರೆ ಅದು ಗಿರಗಿರ ತಿರುಗಿ ಎಲ್ಲೋ ಬೀಳುತ್ತಿತ್ತು. ಸುಮಾರು ಸಾವಿರ ಗಜ ದೂರ ಹೋಗುತ್ತಿತ್ತಂತೆ.

1780ರಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಕಂಪನಿ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಕಂಪನಿಯವರ ಮದ್ದಿನ ಗಾಡಿಗಳು ಸಿಡಿದು ಅವರ ಸಾಲು ಮುರಿಯಿತು. ಅದಕ್ಕೆ ಮೈಸೂರಿನ ಬಾಣವೇ ಕಾರಣವಿರಬೇಕೆಂದು ಅನೇಕರು ಬರೆದಿದ್ದಾರೆ. ಆ ದೃಶ್ಯ ದರಿಯಾ ದೌಲತ್‌ನ ಗೋಡೆಯ ಮೇಲೆ ಈಗಲೂ ಇದೆ. ಪ್ರವಾಸ ಹೋದಾಗ ನಾವೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ, ಚಿತ್ರವನ್ನು ನೋಡಿದವರು ಕಡಿಮೆ.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡರು. ರಾಜ್ಯದ ಹೊಣೆ ಹೊತ್ತ ಟಿಪ್ಪು ಬಾಣದ ದಳವನ್ನು ಸುಮಾರು 5000 ಮಂದಿಯವರೆಗೆ ಬೆಳೆಸಿದರು. ಆದರೆ ಮಂದಿ ಹೆಚ್ಚಾದರೆ ಗುರಿ ತಪ್ಪುವುದೂ ಹೆಚ್ಚಾಗುತ್ತದಲ್ಲ! ಅವರ ದೊಡ್ಡತನ ಕಾಣುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಜೈನುಲ್ ಆಬಿದೀನ್ ಶುಸ್ತರಿ ಎಂಬವರಿಂದ ಫತಹುಲ್ ಮುಜಾಹಿದೀನ್ ಎಂಬ ಪಾರಸಿ ಕೈಪಿಡಿ ಬರೆಸಿದರು. ಕವಾಯತು ಹೇಗೆ, ಬಂದೂಕು ತುಂಬುವುದು ಹೇಗೆ, ರಾತ್ರಿ ದಾಳಿ ಹೇಗೆ ಎಂಬುದೆಲ್ಲ ಬರವಣಿಗೆಗೆ ಇಳಿಯಿತು. ಕುಶೂನ್ ಎಂಬ ಪ್ರತಿ ಸೈನ್ಯ ವಿಭಾಗಕ್ಕೆ 200 ಬಾಣಗಾರರು ಎಂದು ಲೆಕ್ಕ ಗೊತ್ತಾಯಿತು. ಕೊಳವೆಯ ದಪ್ಪ ಎಷ್ಟು, ಗುರಿ ಎಷ್ಟು ದೂರ ಎಂದು ನೋಡಿ, ಬಾಣವನ್ನು ಯಾವ ಕೋನಕ್ಕೆ ಎತ್ತಿ ಹಾರಿಸಬೇಕೆಂದು ಲೆಕ್ಕ ಹಾಕುವ ತರಬೇತಿ ಅವರಿಗೆ ಸಿಗುತ್ತಿತ್ತು. ಪ್ರೊಜೆಕ್ಟೈಲ್ ಲೆಕ್ಕದಲ್ಲಿ ಸೈನ್ ಕಾಸ್ ಎಂದು ನಾವು ಒದ್ದಾಡುತ್ತೇವೆ; ಆ ಸಿಪಾಯಿ ಹೊಗೆಯ ನಡುವೆ ನಿಂತು ಅದನ್ನು ಮಾಡಬೇಕಿತ್ತು. ಪ್ರಚಂಡ್‌ನಲ್ಲಿ ಈ ಲೆಕ್ಕ ಕಂಪ್ಯೂಟರಿನದು. ಐದರಿಂದ ಹತ್ತು ಬಾಣಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಹಾರಿಸುವ ಚಕ್ರದ ಗಾಡಿಗಳೂ ಇದ್ದವು. ಹೆಲಿಕಾಪ್ಟರಿನ ರೆಕ್ಕೆಯ ಕೆಳಗಿನ ತೂತಿನ ಡಬ್ಬಿ ಕಂಡಾಗ ನನಗೆ ನೆನಪಾದದ್ದು ಆ ಗಾಡಿ. ಬಾಣ ತಯಾರಿಸುವ ಬೀದಿಗೆ ತಾರಾಮಂಡಲ ಪೇಟೆ ಎಂದು ಹೆಸರು. ಬೆಂಗಳೂರಿನಲ್ಲಿ ಆ ಹೆಸರು ಇನ್ನೂ ಉಳಿದಿದೆ.

ಫ್ರಾನ್ಸಿನ ದೊರೆಯ ಬಳಿಗೆ ರಾಯಭಾರಿಗಳನ್ನು ಕಳಿಸಿದಾಗಲೂ ಅವರು ಬರೀ ಸೈನ್ಯ ಕೇಳಲಿಲ್ಲ. ತೋಪು ಎರಕ ಹೊಯ್ಯುವವರು, ಗಡಿಯಾರ ಮಾಡುವವರು ಬೇಕೆಂದೂ ಕೇಳಿದರು.

ಇಷ್ಟೆಲ್ಲ ಇದ್ದೂ ಸೋಲು ತಪ್ಪಲಿಲ್ಲ. 1792ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮರು ಒಟ್ಟಾಗಿ ಬಂದರು. ಆ ಯುದ್ಧದಲ್ಲಿ ನಮ್ಮ ನಾಗಮಂಗಲವೂ ಮರಾಠಾ ದಂಡಿಗೆ ಸಿಕ್ಕಿ ನಲುಗಿತು. ಸುಲ್ತಾನರು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಸಣ್ಣ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅವರಿಂದಲೂ ನೊಂದವರಿದ್ದಾರೆ ಎಂಬುದನ್ನು ನಾನು ಮರೆಮಾಚುವುದಿಲ್ಲ. ಕೊಡಗಿನವರ, ಮಲಬಾರಿನವರ ನೆನಪು ಬೇರೆ. ಪಕ್ಕದ ಮೇಲುಕೋಟೆಯಲ್ಲೇ ಕೆಲವು ಅಯ್ಯಂಗಾರ್ ಮನೆಗಳಲ್ಲಿ ಇಂದಿಗೂ ನರಕಚತುರ್ದಶಿ ಹಬ್ಬ ಮಾಡುವುದಿಲ್ಲ. ಅವರ ಕೆಲಸವನ್ನು ಮೆಚ್ಚುವವಳು ಇದನ್ನೂ ತಿಳಿದಿರಬೇಕು.

1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ, ಮುಂದೆ ನೆಪೋಲಿಯನ್ನನನ್ನೇ ಸೋಲಿಸಿದ ವೆಲ್ಲೆಸ್ಲಿ, ಕತ್ತಲಲ್ಲಿ ಬಾಣ ಮತ್ತು ಬಂದೂಕಿನ ಸುರಿಮಳೆಗೆ ಸಿಕ್ಕಿ ಹಿಂದೆ ಸರಿಯಬೇಕಾಯಿತು. ಮಾರನೆಯ ದಿನ ಹಗಲಲ್ಲಿ ಬಂದು ಅದೇ ತೋಪನ್ನು ಹಿಡಿದುಕೊಂಡರು. ಮೇ 2ರಂದು ಕೋಟೆಯೊಳಗಿನ ಬಾಣದ ಉಗ್ರಾಣವೊಂದಕ್ಕೆ ಗುಂಡು ಬಿದ್ದು ಸಿಡಿಯಿತು. ಮೇ 4ರಂದು ಕೋಟೆ ಬಿತ್ತು. ಸುಲ್ತಾನರು ನೀರಬಾಗಿಲ ಹತ್ತಿರ ಕಾದಾಡುತ್ತಲೇ ಮಡಿದರು. ಗುಂಬಜ್‌ನಲ್ಲಿ ತಂದೆ ತಾಯಿಯರ ಪಕ್ಕ ಅವರ ಸಮಾಧಿ.

ಗೆದ್ದವರು ಲೆಕ್ಕ ಮಾಡಿದಾಗ ಹಾರಿಸಲು ಸಿದ್ಧವಿದ್ದ 700 ಬಾಣ, ಮದ್ದು ತುಂಬದ 9000 ಕೊಳವೆಗಳು ಸಿಕ್ಕವು. ಮದ್ದು ತುಂಬದೆ ಉಳಿದ ಆ ಸಾಲು ಸಾಲು ಕೊಳವೆಗಳನ್ನು ನೆನೆದರೆ ಸಂಕಟವಾಗುತ್ತದೆ. ಕೆಲವನ್ನು ಇಂಗ್ಲೆಂಡಿಗೆ ಒಯ್ದರು. ವೂಲ್ವಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಬೆಂಕಿಗೆ ಉರಿಯಿತು. 1963ರಲ್ಲಿ ಅಮೆರಿಕದ ವಾಲಪ್ಸ್ ದ್ವೀಪದ ನಾಸಾ ಕೇಂದ್ರದಲ್ಲಿ ಟಿಪ್ಪುವಿನ ಸೈನ್ಯದ ರಾಕೆಟ್ ಚಿತ್ರ ಕಂಡು ಹಿಗ್ಗಿದವರು ಅಬ್ದುಲ್ ಕಲಾಂ.

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳುಬಾವಿಯ ಹೂಳು ತೆಗೆಯುವಾಗ ಮಣ್ಣಿನಿಂದ ಮದ್ದಿನ ವಾಸನೆ ಬಂತು. ಅಗೆದಾಗ ಸಾವಿರದಷ್ಟು ಕಬ್ಬಿಣದ ಬಾಣಗಳು ಸಿಕ್ಕವು. ಅವನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. ದಸರಾ ರಜೆಯಲ್ಲಿ ಅಲ್ಲಿಗೆ ಹೋಗೋಣ ಎಂದು ಅಬ್ಬಾನೇ ಹೇಳಿದ್ದಾರೆ. ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ಕೊಡಲು ಫಿಸಿಕ್ಸ್ ಸರ್ ಒಪ್ಪಿದ್ದಾರೆ, ಗ್ಯಾಲ್ವನೋಮೀಟರ್ ಕಥೆ ನೆನಪಿಸಿಯೇ. ಕೊಳವೆಯ ದಪ್ಪ ಅಳೆಯಲು ಅಲ್ಲಿನವರು ಬಿಡುತ್ತಾರೋ ಇಲ್ಲವೋ, ಹೋಗಿ ಕೇಳಬೇಕು.