ಭಜಿ ಎಣ್ಣೆ ಮತ್ತು ರುಡಾಲ್ಫ್ ಡೀಸೆಲ್

ಖಾನಾಪುರ ತಾಲ್ಲೂಕಿನ ಗುಂಜಿಯಲ್ಲಿ ಭಜಿ ಕರಿದು ಕಪ್ಪಾದ ಎಣ್ಣೆ ಕಂಡಾಗೆಲ್ಲ ನನಗೆ ರುಡಾಲ್ಫ್ ಡೀಸೆಲ್ ನೆನಪಾಗ್ತಾನೆ. ಹೌದು, ಡೀಸೆಲ್ ಮೊದಲು ಮನುಷ್ಯನ ಹೆಸರು.

1858ರಲ್ಲಿ ಪ್ಯಾರಿಸ್‌ನಲ್ಲಿ ಜರ್ಮನ್ ದಂಪತಿಗೆ ಹುಟ್ಟಿದ. 1870ರ ಯುದ್ಧ ಆ ಕುಟುಂಬವನ್ನು ಲಂಡನ್ನಿಗೆ ಓಡಿಸಿತು. ಉಗಿಯಂತ್ರ ಅಂದರೆ ದೊಡ್ಡ ಬಂಡವಾಳ. ಸಣ್ಣ ಕುಶಲಕರ್ಮಿಗೂ ದಕ್ಕುವ ಎಂಜಿನ್ ಬೇಕೆನ್ನೋದು ಅವನ ಹಟ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅದು ಗೆದ್ದಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಟ್ಟೊ ಕಂಪನಿ ಅಂಥದ್ದೊಂದು ಎಂಜಿನ್ನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿತು. ಆಸೆ ಫ್ರೆಂಚ್ ಸರ್ಕಾರದ್ದು, ಕಣ್ಣು ಆಫ್ರಿಕಾದ ವಸಾಹತುಗಳ ಶೇಂಗಾ ಮೇಲೆ. 1903ರಲ್ಲಿ ಡೀಸೆಲ್ ಕಾರ್ಮಿಕರೇ ಒಡೆಯರಾಗುವ ಕಾರ್ಖಾನೆಗಳ ಬಗ್ಗೆ ಪುಸ್ತಕ ಬರೆದ, ಕೊಂಡವರು ಕಡಿಮೆ. ಎಂಜಿನ್ ಮಾತ್ರ ಹಡಗು, ಜಲಾಂತರ್ಗಾಮಿಗಳಿಗೆ ಹೋಯ್ತು. ಸಾಲದಲ್ಲಿ ಮುಳುಗಿದ್ದವನು 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದ.

ಕರಿದ ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿದರೆ ಗ್ಲಿಸರಿನ್ ತಳಕ್ಕಿಳಿದು ಜೈವಿಕ ಡೀಸೆಲ್ ಮೇಲುಳಿಯುತ್ತೆ. ಮನೆಯಲ್ಲೂ ಆಗುತ್ತೆ. ಆದರೆ ಮೆಥನಾಲ್ ವಿಷ, ಅದರ ಆವಿಗೆ ಬೆಂಕಿ ಹತ್ತುತ್ತೆ. ಅಡುಗೆಮನೆಯಲ್ಲಿ ಬೇಡವೇ ಬೇಡ. ಸಂಗ್ರಹಿಸಿ ಘಟಕಕ್ಕೆ ಕೊಡೋದೇ ಸರಿ. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ಯೋಜನೆಯನ್ನೂ ತಂದಿತು. ಆದರೆ ಲೆಕ್ಕ ಇಡಲೇಬೇಕಾದವರು ಕರಿಯಲು ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು. ಒಂದೆರಡು ಲೀಟರಿನ ಭಜಿ ಗಾಡಿಯ ಎಣ್ಣೆ ಒಯ್ಯೋಕೆ ಗುಂಜಿಗೆ ಯಾರು ಬರ್ತಾರೆ? ನಾಳೆ ಅದೇ ಬಾಣಲೆ, ಅದೇ ಎಣ್ಣೆ.