ಒಟ್ಟೊ ಕೋನಿಗ್ಸ್‌ಬರ್ಗರ್

ಒಟ್ಟೊ ಕೋನಿಗ್ಸ್‌ಬರ್ಗರ್ (13 ಅಕ್ಟೋಬರ್ 1908 – 3 ಜನವರಿ 1999) ಜರ್ಮನಿಯಲ್ಲಿ ಜನಿಸಿದ ವಾಸ್ತುಶಿಲ್ಪಿ ಹಾಗೂ ನಗರ ಯೋಜಕರು. 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಬಿಸಿಲು, ಗಾಳಿ, ಮಳೆ ಮತ್ತು ತೇವಾಂಶಗಳನ್ನು ಲೆಕ್ಕಹಾಕಿ, ಯಂತ್ರಗಳ ನೆರವು ಆದಷ್ಟೂ ಬೇಡದ ಕಟ್ಟಡಗಳನ್ನು ರೂಪಿಸುವ ಪದ್ಧತಿಗೆ ಶಾಸ್ತ್ರೀಯ ನೆಲೆ ಒದಗಿಸಿದವರಲ್ಲಿ ಪ್ರಮುಖರು. ಸುಸ್ಥಿರ ನಿರ್ಮಾಣ ಎಂಬ ಮಾತು ಬಳಕೆಗೆ ಬರುವುದಕ್ಕೆ ಬಹಳ ಮೊದಲೇ ಅದರ ಮುಖ್ಯ ತತ್ತ್ವಗಳು ಅವರ ಕೆಲಸದಲ್ಲಿ ಕಾಣಿಸಿಕೊಂಡಿದ್ದವು.

ಆರಂಭಿಕ ಜೀವನ

ಬರ್ಲಿನ್ನಿನಲ್ಲಿ ಜನಿಸಿದ ಇವರ ತಂದೆಯೂ ವಾಸ್ತುಶಿಲ್ಪಿ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಪೋಲ್‌ಝಿಗ್ ಮೊದಲಾದವರ ಬಳಿ ಅಧ್ಯಯನ ಮಾಡಿ 1933ರಲ್ಲಿ ಶಿಂಕೆಲ್ ಪ್ರಶಸ್ತಿ ಪಡೆದರು. ಅದೇ ವರ್ಷ ನಾಜಿಗಳು ಅಧಿಕಾರಕ್ಕೆ ಬಂದರು. ಯೆಹೂದಿ ಮೂಲದವರೆಂಬ ಕಾರಣಕ್ಕೆ ಇವರು ಸರ್ಕಾರಿ ಸೇವೆಯನ್ನು ಕಳೆದುಕೊಂಡರು. ಬಳಿಕ ಈಜಿಪ್ಟಿಗೆ ತೆರಳಿ ಪುರಾತತ್ತ್ವಜ್ಞ ಲುಡ್ವಿಗ್ ಬೋರ್ಖಾರ್ಟ್ ಅವರೊಡನೆ ಕೆಲಸ ಮಾಡಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆ ಅವರ ಡಾಕ್ಟರೇಟ್ ಪ್ರಬಂಧದ ವಿಷಯ.

ಮೈಸೂರು ಸಂಸ್ಥಾನದಲ್ಲಿ

ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆಗ ಉಂಟಾದ ಪರಿಚಯಗಳು ಸೋದರಳಿಯನ ನೇಮಕಕ್ಕೆ ನೆರವಾದವು. 1939ರಲ್ಲಿ ಕೋನಿಗ್ಸ್‌ಬರ್ಗರ್ ಬೆಂಗಳೂರಿಗೆ ಬಂದಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಗುಮ್ಮಟ ಮತ್ತು ಅಲಂಕಾರಗಳ ಬಗ್ಗೆ ದಿವಾನರಿಗಿದ್ದ ಒಲವಿಗೂ ಬರ್ಲಿನ್ನಿನ ಆಧುನಿಕ ಶಿಕ್ಷಣ ಪಡೆದು ಬಂದ ವಾಸ್ತುಶಿಲ್ಪಿಯ ಅಭಿರುಚಿಗೂ ಸುಲಭವಾಗಿ ಹೊಂದಿಕೆಯಾಗುತ್ತಿರಲಿಲ್ಲ.

ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಆರಂಭದ ಕೃತಿಗಳಲ್ಲಿ ಒಂದು. ಅವರ ವಿಚಾರ ಹೆಚ್ಚು ಸ್ಪಷ್ಟವಾಗಿ ಕಾಣುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅಲ್ಲಿನ ವಿಮಾನ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ, ಭೋಜನಶಾಲೆ ಮತ್ತು ಸಭಾಂಗಣ ಅವರ ವಿನ್ಯಾಸಗಳು. ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಸಿಮೆಂಟು, ಉಕ್ಕುಗಳ ಕೊರತೆ ತೀವ್ರವಾಗಿದ್ದುದರಿಂದ ಸಾಮಗ್ರಿಯ ಮಿತವ್ಯಯ ಅನಿವಾರ್ಯವೇ ಆಗಿತ್ತು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಮಧ್ಯಾಹ್ನದ ಸೂರ್ಯ ವರ್ಷದ ಬಹುಭಾಗ ನೆತ್ತಿಗೆ ಹತ್ತಿರವಿರುವುದರಿಂದ ಉತ್ತರ ಮತ್ತು ದಕ್ಷಿಣದ ಗೋಡೆಗಳಿಗೆ ಒಂದು ಸಜ್ಜಾ ನೆರಳು ನೀಡಬಲ್ಲದು. ಪೂರ್ವ ಪಶ್ಚಿಮಗಳಲ್ಲಿ ಬಿಸಿಲು ಓರೆಯಾಗಿ ಒಳನುಗ್ಗುತ್ತದೆ. ಅಲ್ಲಿ ಸಜ್ಜಾ ಸಾಲದು. ಆದ್ದರಿಂದ ಕಟ್ಟಡದ ಉದ್ದನೆಯ ಬದಿಗಳನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿ, ಎದುರುಬದುರು ಕಿಟಕಿಗಳನ್ನಿಟ್ಟರೆ ಬಿಸಿಲೂ ತಪ್ಪುತ್ತದೆ, ಗಾಳಿಯೂ ಆಡುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ಹೀರಿ ಹಲವು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಹಾಸನ ಜಿಲ್ಲೆಯ ಹಗರೆ, ಬೇಲೂರು ಕಡೆಯ ಹಳೆಯ ಮಣ್ಣುಗೋಡೆಯ ಹೆಂಚಿನ ಮನೆಗಳು ತಂಪಾಗಿರುವುದು ಇದೇ ತತ್ತ್ವದಿಂದ. ಹಳ್ಳಿಯ ಮನೆ ಕಟ್ಟುವವರು ರೂಢಿಯಿಂದ ಬಲ್ಲದ್ದನ್ನು ಕೋನಿಗ್ಸ್‌ಬರ್ಗರ್ ಮುಂದೆ ಅಂಕಿ ಅಂಶಗಳಲ್ಲಿ ವಿವರಿಸಿದರು.

ಮೈಸೂರಿನ ಸೇವೆಯಲ್ಲಿದ್ದಾಗಲೇ ಟಾಟಾ ಕಂಪನಿಗಾಗಿ ಜಮ್‌ಶೇಡ್‌ಪುರದ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿದರು. ಭುವನೇಶ್ವರದ 1948ರ ನಗರ ಯೋಜನೆಯೂ ಅವರದೇ.

ದೆಹಲಿಯ ವಸತಿ ಕಾರ್ಖಾನೆ

1948ರಲ್ಲಿ ಭಾರತ ಸರ್ಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯಿಂದ ನಿರಾಶ್ರಿತರಾಗಿ ಬಂದ ಲಕ್ಷಾಂತರ ಜನರಿಗೆ ಬೇಗನೆ ಸೂರು ಒದಗಿಸಬೇಕಿತ್ತು. ಇದಕ್ಕಾಗಿ ಹಗುರ ಕಾಂಕ್ರೀಟಿನ ಫಲಕಗಳನ್ನು ಮೊದಲೇ ಎರಕ ಹೊಯ್ದು ಮನೆ ಜೋಡಿಸುವ ಕಾರ್ಖಾನೆಯೊಂದು ದೆಹಲಿಯಲ್ಲಿ ಸ್ಥಾಪನೆಯಾಯಿತು. ಆದರೆ ಫಲಕಗಳು ಬಿರುಕು ಬಿಟ್ಟವು, ಯೋಜನೆ ಕಟುವಾದ ಟೀಕೆಗೆ ಗುರಿಯಾಯಿತು. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು. ಪರದೇಶದ ತಂತ್ರವನ್ನು ಇಲ್ಲಿನ ಹವೆ ಮತ್ತು ಕೆಲಸದ ಪರಿಸ್ಥಿತಿಯಲ್ಲಿ ಪರೀಕ್ಷಿಸದೆ ತರುವುದರ ಅಪಾಯಕ್ಕೆ ಈ ಪ್ರಕರಣ ಒಳ್ಳೆಯ ನಿದರ್ಶನ. ಸ್ಥಳೀಯ ಹವಾಮಾನಕ್ಕಾಗಿ ಅಷ್ಟು ವಾದಿಸಿದವರ ಹೆಸರೇ ಅದಕ್ಕೆ ಅಂಟಿಕೊಂಡದ್ದು ವಿಪರ್ಯಾಸ. ಕಾರ್ಖಾನೆ ಮಾತ್ರ ಮುಚ್ಚಲಿಲ್ಲ. ಅದು ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಬೋಧನೆ ಮತ್ತು ಗ್ರಂಥಗಳು

1957ರಿಂದ ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯ ಉಷ್ಣವಲಯ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾಗಿದ್ದರು. ಏಷ್ಯಾ, ಆಫ್ರಿಕಾಗಳ ಅನೇಕ ವಿದ್ಯಾರ್ಥಿಗಳು ಅಲ್ಲಿ ಕಲಿತರು. ಮುಂದೆ ಈ ಕೆಲಸ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮುಂದುವರಿಯಿತು. ವಿಶ್ವಸಂಸ್ಥೆಯ ಸಲಹೆಗಾರರಾಗಿ ಘಾನಾ, ಸಿಂಗಪುರ ಮೊದಲಾದ ದೇಶಗಳಲ್ಲಿ ವಸತಿ ಸಮಸ್ಯೆಯನ್ನು ಅಧ್ಯಯನ ಮಾಡಿದರು.

1974ರಲ್ಲಿ ಇಂಗರ್‌ಸಾಲ್, ಮೇಹ್ಯೂ ಮತ್ತು ಸೊಕೊಲೇ ಅವರೊಡಗೂಡಿ ಪ್ರಕಟಿಸಿದ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇಂದಿಗೂ ಪಠ್ಯವಾಗಿ ಬಳಕೆಯಲ್ಲಿದೆ. ಅದರಲ್ಲಿ ವಿವರಿಸಿರುವ ಮಹೋನಿ ಕೋಷ್ಟಕಗಳಿಗೆ ಸಹೋದ್ಯೋಗಿ ಕಾರ್ಲ್ ಮಹೋನಿಯವರ ಹೆಸರಿದೆ. ಒಂದು ಊರಿನ ತಿಂಗಳುವಾರು ಉಷ್ಣಾಂಶ, ತೇವಾಂಶ, ಮಳೆ ಮತ್ತು ಗಾಳಿಯ ವಿವರಗಳನ್ನು ತುಂಬಿದರೆ ಆ ಊರಿಗೆ ಹೊಂದುವ ಗೋಡೆ, ಚಾವಣಿ, ಕಿಟಕಿಯ ಅಳತೆ ಮತ್ತು ಮನೆಗಳ ನಡುವಿನ ಅಂತರದ ಬಗ್ಗೆ ಸೂಚನೆಗಳು ದೊರೆಯುತ್ತವೆ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಕಾಗದ ಮತ್ತು ಪೆನ್ಸಿಲು ಸಾಕು.

ಕೋನಿಗ್ಸ್‌ಬರ್ಗರ್ 1978ರಲ್ಲಿ ನಿವೃತ್ತರಾಗಿ, 1999ರ ಜನವರಿ 3ರಂದು ಲಂಡನ್ನಿನಲ್ಲಿ ನಿಧನರಾದರು.