ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ಕೃಷ್ಣಾತೀರದ ಗೂಗಲ್ ಗ್ರಾಮವು ಅಲ್ಲಮಪ್ರಭುದೇವರ ಸನ್ನಿಧಾನದಿಂದ ಪುನೀತವಾದ ಕ್ಷೇತ್ರವು. ಶೂನ್ಯಪೀಠವನ್ನು ಅಲಂಕರಿಸುವ ಮುನ್ನ ಪ್ರಭುದೇವರು ಬನವಾಸಿಯಲ್ಲಿ ಮದ್ದಳೆಯನ್ನು ನುಡಿಸುತ್ತಿದ್ದರೆಂಬುದು ಪುರಾಣಪ್ರಸಿದ್ಧವಾದ ಸಂಗತಿ. ಆ ಬನವಾಸಿಗೆ ದೂರವಲ್ಲದ ಹಾನಗಲ್ಲ ಸೀಮೆಯಲ್ಲಿ ಶತಮಾನಗಳ ತರುವಾಯ ಮತ್ತೊಬ್ಬ ನಾದಯೋಗಿಯು ಅವತರಿಸಿದನು. ಅವರೇ ಶ್ರೀ ಪಂಚಾಕ್ಷರಿ ಗವಾಯಿಗಳವರು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗಳ ಉದರದಲ್ಲಿ 1892ನೆಯ ಇಸವಿ ಫೆಬ್ರುವರಿ 2ರಂದು ಅವರ ಜನನವಾಯಿತು. ಗದಿಗೆಯ್ಯನೆಂಬುದು ಪೂರ್ವಾಶ್ರಮದ ನಾಮಧೇಯ. ಶಿಶುವು ಹುಟ್ಟುಕುರುಡ, ಅಣ್ಣ ಗುರುಬಸವಯ್ಯನಿಗೂ ದೃಷ್ಟಿಯಿರಲಿಲ್ಲ. ಮನೆಯಲ್ಲಿ ಬಡತನ. ಪಾಟಿಯ ಮೇಲೆ ಅಕ್ಷರವನ್ನು ತಿದ್ದಿಸುವ ಅಂದಿನ ಗಾವಠಿ ಶಾಲೆಯಲ್ಲಿ ಇಂಥ ಬಾಲಕರಿಗೆ ಎಡೆಯೇ ಇರಲಿಲ್ಲ. ಆದರೆ ಕಿವಿಯ ಮೇಲೆ ಬಿದ್ದ ಹಾಡನ್ನು ಕಂಠದಲ್ಲಿ ಧಾರಣ ಮಾಡುವ ಶಕ್ತಿಯು ಅಣ್ಣತಮ್ಮಂದಿರಿಗೆ ದೈವದತ್ತವಾಗಿತ್ತು.

ಈ ಶಕ್ತಿಯನ್ನು ಗುರುತಿಸಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು. 1904ರಲ್ಲಿ ವೀರಶೈವ ಮಹಾಸಭೆಗೂ 1909ರಲ್ಲಿ ಮಲಪ್ರಭಾತೀರದ ಶಿವಯೋಗಮಂದಿರಕ್ಕೂ ಕಾರಣಪುರುಷರಾದ ಆ ಮಹನೀಯರು ಬಾಲಕರ ಗಾನವನ್ನು ಆಲಿಸಿ ಮೆಚ್ಚಿದರು. ಮೆಚ್ಚಿದಷ್ಟಕ್ಕೆ ಕೃತಾರ್ಥರಾಗದೆ ಅವರ ಪೋಷಣೆಯ ಹೊಣೆಯನ್ನು ತಾವೇ ವಹಿಸಿದರು. ಹಸಿದ ಕುರುಡ ಬಾಲಕನಿಗೆ ಅನ್ನವಿಕ್ಕುವವರು ಆ ಕಾಲದಲ್ಲಿಯೂ ಅನೇಕರಿದ್ದರು. ಅವನಲ್ಲಿ ವಿದ್ಯೆಗೆ ಯೋಗ್ಯವಾದ ಪಾತ್ರವನ್ನು ಕಂಡವರು ವಿರಳ. ಶ್ರೀಗಳವರ ಕೃಪೆಯಿಂದ ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮುಂದೆ ಉಸ್ತಾದ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಅಭ್ಯಸಿಸಿ ಉಭಯಗಾನವಿಶಾರದನೆನಿಸಿದನು. ವಿದ್ಯೆಗೆ ಮತಭೇದವಿಲ್ಲವೆಂಬುದನ್ನು ಮಠವು ಆಚರಣೆಯಲ್ಲಿಯೇ ತೋರಿಸಿತು.

ತಾವು ಪಡೆದ ಈ ಋಣವನ್ನು ಗವಾಯಿಗಳವರು ಶಿಷ್ಯರಿಗೆ ಎರೆದೇ ತೀರಿಸಿದರು. ಅಂಧ ಬಾಲಕರನ್ನೂ ಬಡಮಕ್ಕಳನ್ನೂ ಒಂದುಗೂಡಿಸಿ ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಪಾಠಶಾಲೆಯೇ ಸಂಚಾರಿಯಾಯಿತು, ಭಕ್ತರು ನೀಡಿದ ಧಾನ್ಯವೇ ಅದರ ಬೊಕ್ಕಸವಾಯಿತು. 1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಭಾರವು ಇಮ್ಮಡಿಸಿತು. ಶಿಷ್ಯರ ಅನ್ನಕ್ಕಾಗಿ ನಾಟಕ ಮಂಡಳಿಯನ್ನು ನಡೆಸುವ ಶ್ರಮವನ್ನೂ ಅವರು ವಹಿಸಿದರು. ಎಷ್ಟೇ ಕಷ್ಟ ಬಂದರೂ ಮಕ್ಕಳ ಅಭ್ಯಾಸವನ್ನು ತಪ್ಪಗೊಡಲಿಲ್ಲ.

ಎಲ್ಲರಿಗೂ ಒಂದೇ ಅಳತೆಯ ಪಾಠವನ್ನು ಹೇಳುವ ರೂಢಿಯು ಅವರದಾಗಿರಲಿಲ್ಲ. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರಲ್ಲಿ ಬಹುಮುಖವಾದ ಮೇಧೆಯಿತ್ತು. ಅವರು ಗಾನದೊಡನೆ ಅನೇಕ ವಾದ್ಯಗಳಲ್ಲಿಯೂ ಪರಿಣತರಾಗಿ ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಯಲಿವಾಳದ ಬಸವರಾಜ ರಾಜಗುರುಗಳು ಕಣ್ಣುಳ್ಳ ಬಾಲಕರು. ಅವರ ಸಂಪತ್ತು ಕಂಠವು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಮಹೋತ್ಸವವು 1936ರಲ್ಲಿ ಹಂಪೆಯಲ್ಲಿ ಜರುಗಿದಾಗ ಈ ಹದಿಹರೆಯದ ಶಿಷ್ಯನನ್ನು ಗವಾಯಿಗಳವರು ಸಭೆಯ ಮುಂದೆ ಹಾಡಲು ಕೂಡಿಸಿದರು. ಸ್ವತಃ ಪಕ್ಕದಲ್ಲಿ ಕುಳಿತು ತಬಲಾ ಸಾಥಿಯನ್ನು ನೀಡಿದರು. ಗುರುವು ಶಿಷ್ಯನ ಲಯವನ್ನು ಹಿಡಿದು ನಡೆಸಿದನು. ಕೀರ್ತಿಯನ್ನು ಶಿಷ್ಯನಿಗೇ ಬಿಟ್ಟನು. ಪ್ರತಿಭಾವಂತನನ್ನು ಬೆಳೆಸುವ ರೀತಿಗೆ ಇದಕ್ಕಿಂತ ಮಿಗಿಲಾದ ನಿದರ್ಶನವು ದುರ್ಲಭ.

ದಾನಿಗಳಾದ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಸಂಚಾರಿ ಪಾಠಶಾಲೆಗೆ ಗದುಗಿನಲ್ಲಿ ನೆಲೆ ದೊರಕಿತು. ಅದೇ ವೀರೇಶ್ವರ ಪುಣ್ಯಾಶ್ರಮವು. ಗವಾಯಿಗಳವರು 1944ನೆಯ ಇಸವಿ ಜೂನ್ 11ರಂದು ಲಿಂಗೈಕ್ಯರಾದರು. ತರುವಾಯ ಪುಟ್ಟರಾಜ ಗವಾಯಿಗಳವರು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಆಶ್ರಮವನ್ನು ಪಾಲಿಸಿದರು.

ಪ್ರತಿಯೊಂದು ಊರಿನ ಸಾಮಾನ್ಯ ಶಾಲೆಯಲ್ಲಿಯೂ ಒಬ್ಬ ಗದಿಗೆಯ್ಯನು ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಅವನ ಶಕ್ತಿಯು ಎಲ್ಲಿದೆಯೆಂದು ಗುರುತಿಸುವ ಉಪಾಧ್ಯಾಯನು ಬೇಕು. ತನ್ನಲ್ಲಿಲ್ಲದ ವಿದ್ಯೆಗಾಗಿ ಅವನನ್ನು ತಕ್ಕ ಗುರುವಿನೆಡೆಗೆ ಕಳುಹಿಸುವ ನಿರಹಂಕಾರವು ಬೇಕು. ಫಲವು ಪಕ್ವವಾಗುವವರೆಗೆ ಅನ್ನವಸತಿಗಳನ್ನು ನಡೆಸುವ ಭಕ್ತರು ಬೇಕು. ಒಂದು ದಿನದ ಹೊಗಳಿಕೆಯಿಂದ ಮೇಧೆಯು ಬಲಿಯಲಾರದು. ಈ ಮೂರೂ ಕೂಡಿದಲ್ಲಿ ವಿದ್ಯಾದಾಸೋಹವು ಪೂರ್ಣವಾಗುವದು. ಅದನ್ನು ನಡೆಸುವ ಸದ್ಭಕ್ತರಿಗೆ ಗವಾಯಿಗಳವರ ಪುಣ್ಯಜೀವನವು ದಾರಿದೀಪವಾಗಲಿ.